ಫ್ಲೀಸ್ ಹತ್ತಿರ ಎಡಕ್ಕೆ

ಕಳೆದ ವಾರ ಕಣ್ಣು ತೋರಿಸಲು ಬಂದಿದ್ದ ಮುದುಕರೊಬ್ಬರ ಬಾಯಲ್ಲಿ ಖಾರದ ಪೆಪ್ಪರ್‌ಮಿಂಟ್ ಇತ್ತು. ಕಣ್ಣು ಪರೀಕ್ಷೆ ಮಾಡುವಾಗ ನಮ್ಮ ಮುಖ ಅವರ ಮುಖಕ್ಕೆ ಗೇಣಿನಷ್ಟು ಹತ್ತಿರ ಇರುತ್ತದೆ. ಯಾರು ಏನು ತಿಂದು ಬಂದಿದ್ದಾರೆ, ಸಿಗರೇಟು ಬಿಟ್ಟೆ ಅಂತ ಯಾರು ಸುಳ್ಳು ಹೇಳುತ್ತಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ದೀಪ ಹಾಗೇ ನಿಂತಿತು. ನನಗೆ ಕಾರು ಕಲಿಸಿದ ಮಾಸ್ತರರ ಕಾರಿನೊಳಗೂ ಇದೇ ವಾಸನೆ... ಹೀಟರಿನ ಬಿಸಿ, ಒದ್ದೆ ಕೋಟು, ಪೆಪ್ಪರ್‌ಮಿಂಟು. "ಏನಾದರೂ ಕಾಣಿಸಿತೇ?" ಅಂತ ಆ ಮುದುಕರು ಗಾಬರಿಯಿಂದ ಕೇಳಿದರು. ಏನಿಲ್ಲ, ಏನಿಲ್ಲ ಅಂದು ಕೆಲಸ ಮುಂದುವರಿಸಿದೆ.

ನಾನು ಹುಬ್ಬಳ್ಳಿಯವಳು. ಕಣ್ಣು ನೋಡುವುದು, ಚಷ್ಮಾದ ನಂಬರ್ ಬರೆದುಕೊಡುವುದು ನನ್ನ ಕಸುಬು. ಲೀಡ್ಸ್ ಪಕ್ಕದ ಈ ಸಣ್ಣ ಊರಿಗೆ ಬಂದು ಕೆಲಸಕ್ಕೆ ಸೇರಿದಾಗ ಅಂಗಡಿಯವರು ಒಂದು ಮಾತು ಹೇಳಿದ್ದರು. ಮನೆ ಬಿಟ್ಟು ಹೊರಗೆ ಬರಲಾಗದ ವಯಸ್ಸಾದವರ ಮನೆಗೇ ಹೋಗಿ ಕಣ್ಣು ನೋಡಬೇಕು, ಅದಕ್ಕೆ ಕಾರು ಓಡಿಸಲು ಬರಬೇಕು. ಹುಬ್ಬಳ್ಳಿಯ ಲೈಸೆನ್ಸು ಇಲ್ಲಿ ಒಂದು ವರ್ಷ ನಡೆಯುತ್ತದೆ, ಆಮೇಲೆ ಅದು ಬರೀ ಫೋಟೋ ಇರುವ ಕಾರ್ಡು. ಅಲ್ಲಾದರೂ ನಾನು ಓಡಿಸಿದ್ದು ಸ್ಕೂಟಿ. ಹಾಗಾಗಿ ಶುರುವಿನಿಂದ ಕಲಿಯಬೇಕಾಯಿತು, ಅದೂ ದಿನವಿಡೀ ನಿಂತು ದುಡಿದು ಸೋತು ಬಂದ ಮೇಲೆ.

ಮಾಸ್ತರರು ಈ ಊರಿನಲ್ಲೇ ಹುಟ್ಟಿ ಬೆಳೆದವರು. ಅರವತ್ತು ದಾಟಿದ್ದರು, ದೊಡ್ಡ ಕೈ, ಸಣ್ಣ ಕಾರು. ಮಾತುಮಾತಿಗೆ ನನ್ನನ್ನು 'ಲವ್' ಅನ್ನುತ್ತಿದ್ದರು. ಮೊದಲ ದಿನ ಮೈ ಬಿಗಿಯಾಯಿತು. ಆಮೇಲೆ ತಿಳಿಯಿತು, ಇಲ್ಲಿ ಅದು ನಮ್ಮ ಕಡೆಯ 'ಯವ್ವಾ' ಇದ್ದ ಹಾಗೆ, ತರಕಾರಿ ಕೊಳ್ಳುವವರಿಗೂ ಅದೇ, ಬಸ್ಸು ಹತ್ತುವವರಿಗೂ ಅದೇ. ಅವರ ಇಂಗ್ಲಿಷು ಟಿವಿಯಲ್ಲಿ ಬರುವ ಇಂಗ್ಲಿಷಲ್ಲ. ಅರ್ಧ ಅಕ್ಷರ ನುಂಗಿ, ಉಳಿದರ್ಧವನ್ನು ಎಳೆದು ಆಡುವ ಮಾತು. ನನ್ನ ಕಿವಿಗೆ ಅದು ನಮ್ಮ ಹುಬ್ಬಳ್ಳಿ ಮಾತಿನ ಹಾಗೇ ಕೇಳುತ್ತಿತ್ತು. ಇಲ್ಲಿ ಹಾಗೇ ಬರೆಯುತ್ತೇನೆ, ಬೇರೆ ಥರ ಬರೆದರೆ ಅದು ಅವರ ಮಾತಾಗುವುದಿಲ್ಲ.

"ಫ್ಲೀಸ್ ಬಂತಲ್ಲ, ಎಡಕ್ಕ ಹೊಳ್ಳು," ಅಂದರು ಮೊದಲ ಪಾಠದಲ್ಲೇ.

ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಫ್ಲೀಸ್ ಅನ್ನುವ ಹೆಸರೇ ಅಲ್ಲಿ ಎಲ್ಲೂ ಇರಲಿಲ್ಲ. "ಅಲ್ಲಿ ಕಾರ್ಪೆಟ್ ಅಂಗಡಿ ಐತ್ರೀ ಸರ," ಅಂದೆ.

"ಅಂಗಡಿ ಬರ್ತಾವ, ಹೋಗ್ತಾವ. ಅದು ಫ್ಲೀಸ್. ಹೊಳ್ಳು."

ಫ್ಲೀಸ್ ಒಂದು ಪಬ್ಬು. ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವರ ದಾರಿಗಳೆಲ್ಲ ಹೀಗೇ, ಇಲ್ಲದ ಪಬ್ಬುಗಳ ಮೂಲೆಯಲ್ಲಿ ತಿರುಗುತ್ತಿದ್ದವು. ಶೋಲ್ಡರ್ ಆಫ್ ಮಟನ್ ದಾಟಿ ಬಲಕ್ಕೆ ಅಂದರೆ ನಾನು ಕಸಾಯಿ ಅಂಗಡಿ ಹುಡುಕುತ್ತಿದ್ದೆ. ಬೀದಿಯ ಹೆಸರು ಹೇಳಿ ಅಂದರೆ ಅದೊಂದು ಬೇರೆ ಕಾಟ. ಬೋರ್ಡಿನಲ್ಲಿ ಕಿರ್ಕ್‌ಗೇಟ್ ಅಂತ ಇದ್ದರೆ ಇವರ ಬಾಯಲ್ಲಿ ಕಿರ್ಗಿಟ್, ವೆಸ್ಟ್‌ಗೇಟ್ ಅಂತ ಇದ್ದರೆ ವೆಸ್ಗಿಟ್. ಗೇಟ್ ಅಂದರೆ ಇಲ್ಲಿ ಬೀದಿ, ಯಾವ ಬಾಗಿಲೂ ಇರುವುದಿಲ್ಲ. ಆಚೆ ಸ್ಲೈತ್‌ವೇಟ್ ಅಂತ ಬರೆದುಕೊಂಡಿರುವ ಊರನ್ನು ಸ್ಲಾವಿಟ್ ಅಂತಾರೆ. ಎಲ್ಲಿಂದ ಗಂಟುಬಿದ್ದರಪ್ಪಾ ಈ ಮಾಸ್ತರರು ಅಂತ ಮನೆಗೆ ಬಂದು ಗಂಡನ ಮುಂದೆ ಗೊಣಗಿದೆ. ಅವನು ನಕ್ಕ. ಧಾರವಾಡದ ಟೋಲ್ ನಾಕಾದಲ್ಲಿ ಯಾವ ಟೋಲ್ ಕಟ್ಟಿದ್ದೀಯೇ ನೀನು, ಹುಬ್ಬಳ್ಳಿಯನ್ನು ಹುಬ್ಳಿ ಅನ್ನದೆ ಯಾವತ್ತಾದರೂ ಹುಬ್ಬಳ್ಳಿ ಅಂದಿದ್ದೀಯಾ ಅಂದ. ಅದೂ ಸರಿ ಅನ್ನಿಸಿ ಸುಮ್ಮನಾದೆ.

ಚಳಿಗಾಲ ಕಳೆಯುವಷ್ಟರಲ್ಲಿ ಎಲ್ಲ ಪಬ್ಬುಗಳೂ ನನಗೆ ಬಾಯಿಪಾಠ. ಜೀವಮಾನದಲ್ಲಿ ಒಂದು ಪಬ್ಬಿನ ಹೊಸ್ತಿಲು ತುಳಿಯದವಳು ನಾನು. ನಾವು ಈದ್ ನಮಾಜಿಗೆ ಹೋಗುವ ಹಾಲ್ ಮೊದಲು ಬ್ಲ್ಯಾಕ್ ಬುಲ್ ಆಗಿತ್ತಂತೆ. "ಈ ಸಲ ಬುಲ್‌ನಾಗ ಮಂದಿ ಭಾಳ ಇದ್ರೇನು?" ಅಂತ ಈದ್ ಮುಗಿದ ವಾರ ಕೇಳಿ, ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಇಷ್ಟೆಲ್ಲ ಪಬ್ಬುಗಳ ಪರಿಚಯ ಹೇಗೆ ಅಂತ ಒಂದು ದಿನ ನಾನೂ ಬಾಯಿಬಿಟ್ಟೆ. ಮೊದಲು ಬಿಯರ್ ತಯಾರಿಸುವ ಕಂಪನಿಯ ಲಾರಿ ಓಡಿಸುತ್ತಿದ್ದರಂತೆ. ಒಂದೊಂದು ಪಬ್ಬಿನ ಹಿಂದೆಯೂ ಲಾರಿ ನಿಲ್ಲಿಸಿ ಪೀಪಾಯಿ ಉರುಳಿಸಿ ನೆಲಮಾಳಿಗೆಗೆ ಇಳಿಸುವುದು. ಪಬ್ಬುಗಳು ಒಂದರ ಹಿಂದೊಂದು ಮುಚ್ಚಿದವು, ಆಮೇಲೆ ಕಂಪನಿಯೂ ಮುಚ್ಚಿತು. ಬರುವುದು ಇದೊಂದೇ, ಸ್ಟೀರಿಂಗ್ ಹಿಡಿಯೋದು, ಅದನ್ನೇ ಕಲಿಸೋಣ ಅಂತ ಹೊರಟರಂತೆ. ಅವರೂ ಕುಡಿಯುತ್ತಿರಲಿಲ್ಲ. ಪೀಪಾಯಿ ಇಳಿಸುವವನು ಕುಡಿದರೆ ಲಾರಿ ಯಾರು ಮನೆಗೆ ಒಯ್ಯಬೇಕು ಅಂದರು.

ಇಲ್ಲಿ ಡ್ರೈವಿಂಗ್ ಟೆಸ್ಟಿನಲ್ಲಿ ಎಲ್ಲಕ್ಕಿಂತ ಮೊದಲು ದೂರ ನಿಂತ ಕಾರಿನ ನಂಬರ್ ಪ್ಲೇಟ್ ಓದಿಸುತ್ತಾರೆ. ಓದಲಾಗದಿದ್ದರೆ ಕಾರು ಹತ್ತಿಸದೇ ಮನೆಗೆ ಕಳಿಸುತ್ತಾರೆ. ಅದಕ್ಕೆ ಮಾಸ್ತರರು ಪ್ರತಿ ಪಾಠದ ಮೊದಲು ಬೀದಿಯಲ್ಲಿ ಯಾವುದಾದರೂ ಕಾರು ತೋರಿಸಿ "ಓದು" ಅನ್ನುತ್ತಿದ್ದರು, ನಾನು ಓದಿದ ಮೇಲೆ "ಶಾಬಾಶ್" ಅನ್ನುತ್ತಿದ್ದರು. ಒಂದು ಸಂಜೆ ನನಗೆ ಎಷ್ಟು ಸುಸ್ತಾಗಿತ್ತೆಂದರೆ ಅವರು ಕೆಂಪು ಕಾರು ತೋರಿಸಿದರೆ ನಾನು ಅದರ ಮುಂದಿನ ಬಿಳಿ ವ್ಯಾನಿನ ನಂಬರ್ ಓದಿಬಿಟ್ಟೆ. "ಶಾಬಾಶ್," ಅಂದರು.

ತಪ್ಪಾಯ್ತು ಅಂತ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅವರ ಮುಖ ನೋಡಿದೆ. ಕಾರಿನ ಕಡೆಗೆ ಸ್ವಲ್ಪ ಓರೆಯಾಗಿ ತಿರುಗಿಸಿಕೊಂಡಿದ್ದರು. ನಡುವಿನ ದೃಷ್ಟಿ ಹೋದವರು ಹಾಗೇ ನೋಡುತ್ತಾರೆ, ಅಂಚಿನಿಂದ. ದಿನಾ ಇಂಥವರನ್ನು ನೋಡುವವಳು ನಾನು, ಪಕ್ಕದ ಸೀಟಿನಲ್ಲೇ ಕೂತವರನ್ನು ಇಷ್ಟು ತಿಂಗಳು ನೋಡಿರಲಿಲ್ಲ. ಕಲಿಯುವವಳಿಗೆ ರಸ್ತೆಯೇ ಸಾಲುತ್ತಿರಲಿಲ್ಲ, ಇನ್ನು ಮಾಸ್ತರರನ್ನು ಎಲ್ಲಿ ನೋಡುವುದು.

ಮುಂದಿನ ವಾರ ಕಿರ್ಗಿಟ್‌ನಿಂದ ಇಳಿಯುವಾಗ ರಸ್ತೆ ಅಗೆದು ಅಡ್ಡ ತಡೆ ಹಾಕಿದ್ದರು. ಅದರ ಮುಂದೆ ಹಳದಿ ಬೋರ್ಡು, ನಮ್ಮ ಬಾಗಿಲಿನಷ್ಟು ದೊಡ್ಡದು. "ನೆಟ್ಟಗ ಹೋಗು," ಅಂದರು. ನಾನು ಬ್ರೇಕ್ ಒತ್ತಿ ನಿಂತೆ.

"ಯಾಕ ನಿಂತಿ?"

"ರಸ್ತಾ ಬಂದ್ ಮಾಡ್ಯಾರ್ರೀ."

"ಮೊನ್ನಿ ಇರಲಿಲ್ಲ," ಅಂದರು, ಬಹಳ ಸಣ್ಣ ದನಿಯಲ್ಲಿ. ಆಗ ನನಗೆ ಎಲ್ಲ ಅರ್ಥವಾಯಿತು. ಬೋರ್ಡು ಓದಲಾಗದವರು ಅದನ್ನು ನೋಡಿ ದಾರಿ ಹೇಗೆ ಹೇಳುತ್ತಾರೆ? ಕೈ ಕಾಲಿಗೆ ಗೊತ್ತಿದ್ದ ಹಳೇ ಲಾರಿಯ ದಾರಿಯಲ್ಲೇ ನನ್ನನ್ನು ತಿರುಗಿಸುತ್ತಿದ್ದರು. ಪಾಠ ಮುಗಿದ ಮೇಲೆ ನನ್ನನ್ನು ಬಾಗಿಲಿಗೆ ಇಳಿಸಿ ಅವರೇ ಓಡಿಸಿಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ಆ ಹೊತ್ತಿಗೆ ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಿದ್ದವು.

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಉಗುಳಿದರೆ ಅವರ ಹೊಟ್ಟೆಪಾಡು ಹೋಗುತ್ತದೆ. ನುಂಗಿದರೆ ಯಾರದೋ ಮಗು ಹೋಗುತ್ತದೆ. "ಶನಿವಾರ ಅಂಗಡಿಗೆ ಬರ್ರೀ, ಕಣ್ಣು ನೋಡ್ತೀನಿ," ಅಂದೆ. ಬರಲಾರರು ಅಂದುಕೊಂಡಿದ್ದೆ. ಬಂದರು, ಶೇವ್ ಮಾಡಿಕೊಂಡು, ಟೈ ಕಟ್ಟಿಕೊಂಡು.

ಚೌಕಳಿ ಗೆರೆಯ ಕಾರ್ಡು ಕೈಗೆ ಕೊಟ್ಟು ನಡುವೆ ಏನಿದೆ ಅಂತ ಕೇಳಿದೆ. ಗೆರೆ ಸೊಟ್ಟ ಅದಾವ, ನಡುವ ಏನೂ ಇಲ್ಲ ಅಂದರು. ಎಡಗಣ್ಣು ಮುಗಿದ ಕತೆ. ಬಲಗಣ್ಣಿಗೆ ಆಸ್ಪತ್ರೆಯ ಇಂಜೆಕ್ಷನ್‌ನಿಂದ ಇನ್ನೂ ಸ್ವಲ್ಪ ಆಸೆ ಇತ್ತು. ಅದನ್ನೆಲ್ಲ ಹೇಳಿದೆ. ಕೊನೆಗೆ ಹೇಳಬೇಕಾದ್ದನ್ನೂ ಹೇಳಿದೆ, ಇನ್ನು ಕಾರು ಬಿಡಬೇಕು, ಲೈಸೆನ್ಸಿನ ಕಚೇರಿಗೆ ನೀವೇ ತಿಳಿಸಬೇಕು ಅಂತ.

"ನಿನ್ನ ಟೆಸ್ಟ್ ಆಗೋ ತನಕ ತಡಿ," ಅಂದರು. "ಆಮ್ಯಾಲ ಬಿಡ್ತೀನಿ."

"ಆಗಂಗಿಲ್ರೀ ಸರ."

"ನಾ ಹೇಳಲಿಲ್ಲಂದ್ರ?"

"ನಾನ ಹೇಳಬೇಕಾಗ್ತದ್ರೀ."

ಸಿಟ್ಟಾದರು. ಮುಖ ಕೆಂಪಾಯಿತು, ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದರು. "ಗಾಲಿ ಎತ್ಲಾಗ ತಿರುಗ್ತದ ಅನ್ನೋದು ಗೊತ್ತಿರಲಿಲ್ಲ ನಿನಗ. ಕಲಿಸಿದಾಂವ ನಾನು," ಅಂದರು. ಹೌದು ಅಂದೆ. ಕೊನೆಗೆ ಜೇಬಿನಿಂದ ಕಾರಿನ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

ಹೊರಗೆ ಬಂದು ನೋಡಿದರೆ ಕಾರು ಎದುರಿಗೇ ನಿಂತಿದೆ. ಅವರು ಇನ್ನು ಓಡಿಸುವ ಹಾಗಿಲ್ಲ. ಕಲಿಯುವವಳ ಪಕ್ಕ ಲೈಸೆನ್ಸು ಇರುವವರು ಕೂರಬೇಕು, ಹಾಗಾಗಿ ನಾನೂ ಓಡಿಸುವ ಹಾಗಿಲ್ಲ. ಇಬ್ಬರೂ ಅದರ ಪಕ್ಕ ಪೆಚ್ಚಾಗಿ ನಿಂತೆವು. ಮೊದಲು ನಕ್ಕಿದ್ದು ಅವರೇ. ಆಮೇಲೆ ಬಸ್ಸಿನಲ್ಲಿ ಅವರ ಮನೆಯ ತನಕ ಹೋಗಿ ಬಿಟ್ಟು ಬಂದೆ. ಮರುದಿನ ಅವರ ಮಗಳು ಬಂದು ಕಾರು ಒಯ್ದಳು.

ಆ ವಾರವೇ ಅವರು ಕಚೇರಿಗೆ ತಿಳಿಸಿದರು, ನಾನು ಹೇಳುವ ಪ್ರಸಂಗ ಬರಲಿಲ್ಲ. ನಾನು ಬೇರೆ ಒಬ್ಬರ ಹತ್ತಿರ ಉಳಿದ ಪಾಠ ಮುಗಿಸಿ ಪಾಸಾದೆ. ಆ ಹೊಸ ಮಾಸ್ತರರು ಎಲ್ಲ ಹೆಸರನ್ನೂ ಬರೆದ ಹಾಗೇ ಓದುವವರು, ಅವರ ಬಗ್ಗೆ ಹೇಳಲು ಏನೂ ಇಲ್ಲ.

ಕಾರು ಕೊಂಡ ಮೇಲೆ ಮಾಸ್ತರರನ್ನು ಇಂಜೆಕ್ಷನ್‌ಗೆ ಕರೆದೊಯ್ಯುತ್ತೇನೆ ಅಂತ ಹಟ ಹಿಡಿದೆ. ಬೇಡ ಬೇಡ ಅನ್ನುತ್ತಲೇ ಒಂದು ಸಲ ಒಪ್ಪಿದರು. ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ಎಡಕ್ಕೆ, ಬಲಕ್ಕೆ ಅಂತ ಈ ಸಲ ಅವರು ಹೇಳಲಿಲ್ಲ. ಕಿರ್ಗಿಟ್ ಮೂಲೆಗೆ ಬಂದಾಗ ಕೇಳಿದರು, "ಫ್ಲೀಸ್ ಇದ್ದಲ್ಲಿ ಈಗ ಏನೈತಿ?"

ಅದುವರೆಗೆ ಯಾವತ್ತೂ ಕೇಳಿದವರಲ್ಲ. "ಕಾರ್ಪೆಟ್ ಅಂಗಡಿನೂ ಹೋತ್ರೀ. ವೇಪ್ ಸಿಗರೇಟ್ ಮಾರ್ತಾರ," ಅಂದೆ.

"ಶೋಲ್ಡರ್?"

"ಫ್ಲಾಟ್ ಮಾಡ್ಯಾರ್ರೀ."

"ಗ್ವಾಡಿಗೆ ಹಸರು ಟೈಲ್ಸ್ ಇದ್ವಲ್ಲ?"

"ಇಲ್ರೀ. ಬಿಳೀ ಬಣ್ಣ ಬಳದಾರ."

"ರೈಲ್ವೇ ಪಬ್ಬು?"

"ಕೆಡವ್ಯಾರ್ರೀ. ಕಾರ್ ನಿಲ್ಲಸ್ತಾರ ಅಲ್ಲಿ."

ಹೀಗೇ ಒಂದೊಂದೂ ಕೇಳಿದರು, ನಾನು ಒಂದೊಂದೂ ಹೇಳಿದೆ. ಸುಳ್ಳು ಹೇಳಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ, ಆದರೆ ಅವರ ಜೊತೆ ಸುಳ್ಳು ಹೇಳುವ ಅಭ್ಯಾಸ ನನಗಿರಲಿಲ್ಲ. ಆಸ್ಪತ್ರೆ ಹತ್ತಿರ ಬಂದಾಗ ಹೇಳಿದರು, "ನನಗ ಇನ್ನೂ ಕಾಣ್ತಿದ್ವು ನೋಡು, ಲವ್."

ನಡುವಿನ ದೃಷ್ಟಿ ಹೋದ ಜಾಗ ಕಪ್ಪಾಗಿಯೇ ಕಾಣಬೇಕೆಂದಿಲ್ಲ. ಎಷ್ಟೋ ಸಲ ಮನಸ್ಸು ತನಗೆ ಗೊತ್ತಿರುವುದನ್ನು ತಂದು ಅಲ್ಲಿ ತುಂಬುತ್ತದೆ. ಓದುವಾಗ ಕಲಿತಿದ್ದೆ, ಎಷ್ಟೋ ಜನರಿಗೆ ಹೇಳಿಯೂ ಇದ್ದೆ. ಆ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಅಳು ಬಂತು, ಅವರಿಗೆ ಕಾಣುವುದಿಲ್ಲ ಅಂತ ಧೈರ್ಯವಾಗಿ ಅತ್ತೆ. "ಹಸರು ಬಿತ್ತು, ಹಿಂದಿನಾಂವ ಹಾರ್ನ್ ಹೊಡೀತಾನ," ಅಂದರು ಮೆಲ್ಲಗೆ.

ಆಮೇಲೆ ನನ್ನ ಕಾರಿಗೆ ಬರಲಿಲ್ಲ. ಬಸ್ಸಿನಲ್ಲೇ ಓಡಾಡಿದರು. ಒಂದು ಚಳಿಗಾಲದಲ್ಲಿ ಎದೆಯ ಸೋಂಕಾಗಿ ಹೋಗಿಬಿಟ್ಟರು... ಮಣ್ಣು ಮಾಡಿದ ದಿನ ಮಗಳು ನನ್ನ ಕೈ ಹಿಡಿದು, ಅಪ್ಪನ ಕೊನೇ ಶಿಷ್ಯೆ ನೀವೇ ಅಲ್ಲವೇ ಅಂತ ಕೇಳಿದಳು. ಆಕೆ ಪ್ರೀತಿಯಿಂದಲೇ ಕೇಳಿದ್ದು. ಹೌದು ಅಂದೆ.

ಈಗ ದಿನವೆಲ್ಲ ಇದೇ ಬೀದಿಗಳಲ್ಲಿ ತಿರುಗುತ್ತೇನೆ, ಸಂಜೆಗೆ ಸೊಂಟ ಬಿದ್ದುಹೋಗಿರುತ್ತದೆ. ಆಗಾಗ ಯಾರಿಗಾದರೂ ಇನ್ನು ಕಾರು ಬಿಡಿ ಅಂತ ಹೇಳಬೇಕಾಗುತ್ತದೆ, ಹೇಳುತ್ತೇನೆ. ಕೆಲವರು ಬೈಯುತ್ತಾರೆ, ಕೆಲವರು ಅಳುತ್ತಾರೆ. ನಾನು ಮಾಸ್ತರರಿಗೆ ಹೇಳಿದ್ದು ಸರಿಯೇ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಅವರು ಮತ್ತೆ ಟೈ ಕಟ್ಟಿಕೊಂಡು ಬಂದು ಆ ಕುರ್ಚಿಯಲ್ಲಿ ಕೂತರೆ ಅದನ್ನೇ ಹೇಳುತ್ತೇನೆ. ಅವರು ಬಂದು ಕೂಡುವುದಿಲ್ಲ, ಅಷ್ಟೇ.