ಸರದಿ ರದ್ದಾದ ಬೆಳಿಗ್ಗೆ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಅವಳನ್ನು ಪೈಪಕ್ಕ ಎನ್ನುತ್ತಿದ್ದರು. ಬರೆದ ಪ್ರೋಗ್ರಾಮನ್ನು ಪರೀಕ್ಷಿಸಿ ಕ್ಲೌಡಿಗೆ, ಎಂದರೆ ಇಂಟರ್ನೆಟ್ಟಿನ ಬಾಡಿಗೆ ಕಂಪ್ಯೂಟರುಗಳಿಗೆ, ಏರಿಸುವ ಕೆಲಸಗಳ ಸಾಲಿಗೆ ಅಲ್ಲಿ 'ಪೈಪ್‌ಲೈನ್' ಎಂದು ಹೆಸರು. ಅದರ ಉಸ್ತುವಾರಿ ಅವಳದು. ಮದುವೆಯಾದ ಹೊಸತರಲ್ಲಿ ಅಡುಗೆಮನೆಯ ನಲ್ಲಿ ಸೋರಿದಾಗ ಅತ್ತೆ ಸೊಸೆಯನ್ನೇ ಕರೆದಿದ್ದರು. "ಪೈಪಿನ ಕೆಲಸ ಅಂದ್ಯಲ್ಲಮ್ಮ, ಇದೊಂದು ನೋಡ್ಬಿಡು."

ಈಗ ಅದೇ ಅತ್ತೆಗೆ ಕಿಡ್ನಿ ಕೈಕೊಟ್ಟಿತ್ತು. ದಿನ ಬಿಟ್ಟು ದಿನ ಅದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್. ರೋಗಿಗಳ ಸರದಿ ಹೊಂದಿಸಿ ಅವರ ಮೊಬೈಲಿಗೆ ಸಂದೇಶ ಕಳಿಸುವ ಪೈಥಾನ್ ಭಾಷೆಯ ಪ್ರೋಗ್ರಾಮನ್ನು ಬರೆದವಳು ಪೈಪಕ್ಕನೇ. ಅದಕ್ಕೆ ಕ್ಲೌಡಿನಲ್ಲಿ ಎರಡು ಮನೆ ಮಾಡಿದ್ದಳು: ಒಂದು ತಾಲೀಮಿಗೆ, ಇನ್ನೊಂದು ನಿಜದ ರೋಗಿಗಳಿಗೆ. ಏನಾದರೂ ತಿದ್ದಿದರೆ, ಕೊಟ್ಟ ಸೂಚನೆಗಳನ್ನು ತಾನಾಗಿಯೇ ನಡೆಸುವ ಆಟೊಮೇಷನ್ ಸರ್ವರ್ ಅದನ್ನು ಮೊದಲು ತಾಲೀಮಿನ ಮನೆಗೆ ಏರಿಸಿ, ಸುಳ್ಳುಸುಳ್ಳೇ ಎಲ್ಲ ಸರದಿ ರದ್ದು ಮಾಡಿ, ಸಂದೇಶ ಹೋಗುತ್ತದೆಯೇ ಎಂದು ನೋಡುತ್ತಿತ್ತು.

ಒಂದು ಬೆಳಿಗ್ಗೆ ಅವಳು ಸರ್ವರಿಗೆ ಕೊಟ್ಟ ಸೂಚನೆಗಳನ್ನು ಚೊಕ್ಕಟ ಮಾಡಲು ಕೂತಳು. ನಕಲು ಮಾಡಿ ಅಂಟಿಸುವ ಭರದಲ್ಲಿ ತಾಲೀಮಿನ ವಿಳಾಸವಿರಬೇಕಾದಲ್ಲಿ ನಿಜದ ಮನೆಯ ವಿಳಾಸ ಕೂತುಬಿಟ್ಟಿತು. ಗುಂಡಿ ಒತ್ತಿದಳು. ಪರದೆಯ ಮೇಲೆ ಸಾಲಾಗಿ, ಎಲ್ಲ ಸರಿಯಿದೆ ಎನ್ನುವ ಹಸಿರು ಗುರುತುಗಳು ಮೂಡಿದವು. ನಿರಾಳವಾಗಿ ಚಹಾಕ್ಕೆ ಎದ್ದಳು.

ಲೋಟ ಕೈಯಲ್ಲಿರುವಾಗಲೇ ಅತ್ತೆಯ ಫೋನು.

"ಬದುಕ್ದೆ ಕಣಮ್ಮ! ಇವತ್ತು ಸರದಿ ರದ್ದು ಅಂತ ಮೆಸೇಜ್ ಬಂತು. ಸೂಜಿ ಕಾಟ ಇಲ್ಲ ಅಂತ ಒಂದು ಚೊಂಬು ನೀರು ಗಟಗಟ ಕುಡಿದ್ಬಿಟ್ಟೆ."

ಗುಟುಕು ಅಳೆದು ಕುಡಿಯಬೇಕಾದ ಜೀವ. ಪೈಪಕ್ಕ ಲೋಟ ಕೆಳಗಿಟ್ಟಳು. "ಅತ್ತೆ, ಅದು ಸುಳ್ಳು ಮೆಸೇಜು. ಈಗ್ಲೇ ಗಾಡಿ ಮಾಡ್ಕೊಂಡು ಬನ್ನಿ."

ಕ್ಲೌಡಿಗೆ ಸರದಿ ಪಟ್ಟಿಯ ಹಳೆಯ ಪ್ರತಿಯನ್ನು ಮರಳಿಸಿದಳು. ಹೊರಟುಹೋದ ಸಂದೇಶಗಳನ್ನು ಮರಳಿಸುವುದು ಯಾರಿಂದಾದೀತು? ಡಯಾಲಿಸಿಸ್ ವಾರ್ಡಿಗೆ ಓಡಿದಳು. ಹಾಸಿಗೆಗಳೆಲ್ಲ ಖಾಲಿ.

"ನನ್ನ ಕೈಯಿಂದಲೇ ಆಗಿದ್ದು, ಸಿಸ್ಟರ್."

"ಅಳೋದು ಆಮೇಲೆ," ಎಂದಳು ಹಿರಿಯ ನರ್ಸ್. "ಅರ್ಧ ಜನಕ್ಕೆ ನೀವು ಫೋನ್ ಮಾಡಿ, ಅರ್ಧ ಜನಕ್ಕೆ ನಾನು."

ಹೆಚ್ಚಿನವರು ಗೊಣಗುತ್ತಲೇ ಬಂದರು. ಅತ್ತೆಯೂ ಬಂದರು. ಒಬ್ಬ ದರ್ಜಿಯ ಫೋನು ಮಾತ್ರ ಸ್ವಿಚ್ ಆಫ್. ಹಿಂದಿನ ಸರದಿಯನ್ನೂ ಆತ ಜ್ವರವೆಂದು ತಪ್ಪಿಸಿಕೊಂಡಿದ್ದ. ಪೈಪಕ್ಕ ಆಂಬುಲೆನ್ಸ್ ಹತ್ತಿ ಅವನ ಮನೆಗೇ ಹೋದಳು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಬಹಳ ಹೊತ್ತು ಬಡಿದ ಮೇಲೆ ಬಾಗಿಲು ತೆರೆಯಿತು. ಗೋಡೆ ಹಿಡಿದು ನಿಂತ ಆತನ ಕಾಲು ಬಾತಿತ್ತು, ಮಾತು ಉಸಿರಿಗೆ ಸಿಕ್ಕಿ ತುಂಡಾಗುತ್ತಿತ್ತು. "ಇವತ್ತು... ಇಲ್ಲ ಅಂದ್ರಲ್ಲಮ್ಮ..."

ಡ್ರೈವರ್ ಮತ್ತು ಅವಳು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಜೀವ ಉಳಿಯಿತು, ಆದರೆ ಹಲವು ದಿನ ತೀವ್ರ ನಿಗಾ ಘಟಕದಲ್ಲಿರಬೇಕಾಯಿತು.

ಆ ಘಟಕದ ಹೊರಗೆ ದರ್ಜಿಯ ಹೆಂಡತಿ ಕೂತಿದ್ದಳು. ಪೈಪಕ್ಕ ಹೋಗಿ ನಡೆದದ್ದನ್ನು ಹೇಳಿದಳು.

"ಮಿಷನ್ ಕೆಟ್ಟಿತ್ತು ಅಂದ್ರು ಆಫೀಸಿನೋರು?"

"ಕೆಟ್ಟಿರ್ಲಿಲ್ಲ. ನಾನು ಹೇಳಿದ್ದನ್ನೇ ಮಾಡ್ತು."

ಆಕೆ ಅವಳನ್ನು ದಿಟ್ಟಿಸಿದಳು. "ಹೇಳಿದ್ರಲ್ಲ, ಒಳ್ಳೇದಾಯ್ತು. ಈಗ ಹೋಗಿ. ನಿಮ್ಮ ಮುಖ ನೋಡೋಕೆ ನನ್ನಿಂದ ಆಗಲ್ಲ."

ಆಮೇಲೆ ಪೈಪಕ್ಕ ತಾಲೀಮಿನ ಕೆಲಸಕ್ಕೆ ನಿಜದ ಮನೆಯ ಕೀಲಿಯೇ ಸಿಗದಂತೆ ಮಾಡಿದಳು. ಅವಳ ಸೂಚನೆಗಳನ್ನು ಇನ್ನೊಬ್ಬರು ಓದಿ ಒಪ್ಪದೆ ಸರ್ವರ್ ಮುಂದೆ ಹೋಗದು. ಕೆಲಸ ನಿಧಾನವಾಯಿತೆಂದು ಮೇಲಿನವರು ಸಿಡುಕಿದರೂ ಅವಳು ಜಗ್ಗಲಿಲ್ಲ.

ದರ್ಜಿ ಮತ್ತೆ ಸರದಿಗೆ ಬರತೊಡಗಿದ. ಅವನ ಹೆಂಡತಿ ಮಾತ್ರ ಸಂದೇಶವನ್ನು ನಂಬುವುದಿಲ್ಲ. ಪ್ರತಿ ಸಲವೂ ಫೋನ್ ಮಾಡಿ ಕೇಳುತ್ತಾಳೆ. ವಾರ್ಡಿನವರು ಬಿಡುವಿಲ್ಲದಾಗ ಕರೆಯನ್ನು ಪೈಪಕ್ಕನಿಗೆ ದಾಟಿಸುತ್ತಾರೆ.

"ಸರದಿ ಇದೆಯಮ್ಮ, ಕರ್ಕೊಂಡು ಬನ್ನಿ," ಎನ್ನುತ್ತಾಳೆ. ಫೋನಿನಲ್ಲಿ ತನ್ನೊಡನೆ ಮಾತಾಡುತ್ತಿರುವುದು ಯಾರೆಂದು ದರ್ಜಿಯ ಹೆಂಡತಿ ಕೇಳಿಲ್ಲ. ಪೈಪಕ್ಕನಿಗೂ ಹೇಳುವ ಧೈರ್ಯ ಬಂದಿಲ್ಲ.