ಮಾಳಿಗೆಯ ಮೇಲಿನ ಸಿನಿಮಾ

ಸಿನಿಮಾ ಸಂಗೀತದ ಆನ್‌ಲೈನ್ ಗುಂಪಿನಲ್ಲಿ "ಈಗ ಏನು ಕೇಳುತ್ತಿದ್ದೀರಿ?" ಎಂಬ ಪ್ರಶ್ನೆ ಕಂಡೊಡನೆ ಕಂಪ್ಲಿಯ ನಮ್ಮ ಮಣ್ಣಿನ ಮಾಳಿಗೆ ನೆನಪಾಯಿತು.

ನಾವಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. ಮನೆಯ ಹಿಂದಿನ ಬಯಲಿಗೆ ಟೆಂಟ್ ಸಿನಿಮಾ ಬಂದಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಸೋದರತ್ತೆ ಗಂಗಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಸಂಜೆಯಾದರೆ ಮಾಳಿಗೆಯ ಮೇಲೆ ಕೂತು, ಟೆಂಟಿನಿಂದ ತೇಲಿಬರುವ ಸಂಗೀತ ಕೇಳುತ್ತಿದ್ದಳು. ಚಿತ್ರ ನೋಡಿ ಬಂದಿದ್ದ ನಾನು ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದೆ.

"ಪಿಟೀಲು ಬಂತು. ಈಗ ಏನಾತವ್ವ?"

"ಕಳಕೊಂಡ ಮಗಳು ತಾಯಿಗೆ ಸಿಕ್ಳು, ಅತ್ತಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಿರುಗಿದರೆ ಹಿಂದೆ ತಾತ ನಿಂತಿದ್ದರು. ಅತ್ತೆ ದಡಬಡಿಸಿ ಎದ್ದಳು.

"ಗಂಗವ್ವ, ನಾಳೆ ನನ್ನ ಜೋಡಿ ಸಿನಿಮಾಕ್ಕ ಬಾ," ಎಂದರು ತಾತ.

"ಮಂದಿ ಏನಂತಾರಪ್ಪ?"

"ಅನ್ಲಿ ಬಿಡು. ನನ್ನ ಮಗಳು ನೀನು."

ಮರುದಿನ ಟೆಂಟಿನಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ, ಪಿಟೀಲು ಶುರುವಾದೊಡನೆ ಕಣ್ಣು ಮುಚ್ಚಿಕೊಂಡಳು.

"ಯಾಕತ್ತಿ, ನೋಡವಲ್ಲಿ?"

"ಮಾಳಿಗಿ ಮ್ಯಾಲ ನಾ ಕಂಡ ತಾಯಿ ಬ್ಯಾರೆ ಇದ್ಲು. ಆಕಿನ್ನ ಒಮ್ಮೆ ನೋಡಿ ಬಿಡ್ತೀನಿ, ತಡಿ."

ಆಮೇಲೆ ಕಣ್ಣು ತೆರೆದು, ಕೊನೆಯವರೆಗೂ ರೆಪ್ಪೆ ಮಿಟುಕಿಸದೆ ನೋಡಿದಳು.

ಗುಂಪಿಗೆ ಉತ್ತರ ಬರೆದೆ: ಪಿಟೀಲು ಕೇಳುತ್ತಿದ್ದೇನೆ. ಯಾವ ಚಿತ್ರದ್ದೋ ನೆನಪಿಲ್ಲ.