ಐದನೆಯ ಬಟ್ಟೆ

ನಾನು ಕೆಲಸ ಮಾಡುವ ಆಸ್ಪತ್ರೆ ನೆಲಮಂಗಲ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿದೆ. ಬಾಣಂತಿಯರ ವಾರ್ಡಿನಲ್ಲಿ ಎಂಟು ಮಂಚ. ನರ್ಸಿಂಗ್ ಪದವಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದವಳು ನಾನು. ಈಗ ವಾರದಲ್ಲಿ ಎರಡು ದಿನ ನನಗೆ ಬೇರೆ ಕೆಲಸ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಕೇಸ್‌ಶೀಟನ್ನು ಮೊದಲ ಪುಟದಿಂದ ಓದಬೇಕು, ಆ ಹೊತ್ತಿನಲ್ಲಿ ಅಲ್ಲಿದ್ದವರನ್ನು ಮಾತಾಡಿಸಬೇಕು, ಅವರ ಮನೆಗೆ ಹೋಗಿ ಬರಬೇಕು. ಎಲ್ಲಿ ತಪ್ಪಿತು, ಮುಂದಿನವರಿಗೆ ಏನು ಬದಲಾಗಬೇಕು ಎಂದು ತಿಂಗಳ ಸಭೆಗೆ ಬರೆದು ಕೊಡಬೇಕು. ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವವರು ನನ್ನ ಕೈಯಲ್ಲಿ ಫೈಲು ಕಂಡರೆ, "ಬಂದ್ರಪ್ಪ ಯಮನ ಆಫೀಸಿನ ಗುಮಾಸ್ತೆ" ಅನ್ನುತ್ತಾರೆ. ನಾನೂ ನಗುತ್ತೇನೆ. ಈ ಕೆಲಸವನ್ನು ನಾನೇ ಕೇಳಿ ಪಡೆದೆ. ಯಾಕೆಂದು ಅವರಿಗೂ ಗೊತ್ತು.

ಅದಕ್ಕೆ ಕಾರಣವಾದ ದಿನ ನನ್ನದು ಬೆಳಗಿನ ಪಾಳಿ. ತ್ಯಾಮಗೊಂಡ್ಲು ಕಡೆಯ ಹುಡುಗಿ, ಮೊದಲ ಹೆರಿಗೆ. ಗಂಡ ದಾಬಸ್‌ಪೇಟೆಯ ಗೋದಾಮಿನಲ್ಲಿ ಕೆಲಸಕ್ಕಿದ್ದ. ಮೊದಲ ಹೆರಿಗೆ ತವರಿನದು, ಹಾಗಾಗಿ ಜೊತೆಗೆ ತಾಯಿ ಬಂದಿದ್ದರು. ಒಂಬತ್ತು ಗಂಟೆಗೆ ಹೆಣ್ಣು ಮಗು ಹುಟ್ಟಿತು. ಹನ್ನೆರಡರ ಹೊತ್ತಿಗೆ ಅವಳನ್ನು ವಾರ್ಡಿನ ಮೂರನೆಯ ಮಂಚಕ್ಕೆ ತಂದೆವು. ತಾಯಿ ಅವಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಕುತ್ತಿಗೆಯವರೆಗೆ ಕಂಬಳಿ ಹೊದಿಸಿದರು.

ಹನ್ನೆರಡೂವರೆಗೆ ನೋಡಿದೆ. ಗರ್ಭಕೋಶ ಗಟ್ಟಿಯಾಗಿತ್ತು, ರಕ್ತಕ್ಕೆಂದು ಇಟ್ಟ ಬಟ್ಟೆಯ ಮೇಲೆ ಅಂಗೈ ಅಗಲದ ಕಲೆ. ಒಂದೂಕಾಲಿಗೆ ಮತ್ತೆ ಹೋದೆ. ಹೇಗಿದ್ದೀಯಮ್ಮ ಎಂದರೆ, ಚೆನ್ನಾಗಿದ್ದೀನಿ ಸಿಸ್ಟರ್, ಸ್ವಲ್ಪ ಚಳಿ ಎಂದಳು. ಕಂಬಳಿ ಎತ್ತಿ ನೋಡಿದೆ. ಬಟ್ಟೆ ಹೆಚ್ಚುಕಡಿಮೆ ಒಣಗಿಯೇ ಇತ್ತು. ಅಷ್ಟರಲ್ಲಿ ಇನ್ನಿಬ್ಬರು ಹೆರಿಗೆ ನೋವೆಂದು ಬಂದರು. ನಾಡಿ ನೂರಾ ನಾಲ್ಕು ಎಂದು ಬರೆದೆ, ರಕ್ತಸ್ರಾವ ಸಾಮಾನ್ಯ ಎಂದು ಬರೆದೆ, ಆ ಸಲ ಹೊಟ್ಟೆ ಒತ್ತಿ ನೋಡಲಿಲ್ಲ. ಎರಡು ಗಂಟೆಗೆ ಮಧ್ಯಾಹ್ನದ ಪಾಳಿಯವಳಿಗೆ, ಮೂರನೇ ಬೆಡ್ಡು ಆರಾಮಾಗಿದ್ದಾರೆ ಎಂದು ಹೇಳಿ ಬ್ಯಾಗು ತೆಗೆದುಕೊಂಡೆ.

ಅಷ್ಟರಲ್ಲಿ ಹುಡುಗಿಯ ತಾಯಿ ಬಾಗಿಲಿಗೆ ಬಂದರು. ಕೂಗಲಿಲ್ಲ, ಅಳಲಿಲ್ಲ. ಮಗಳ ಕೈಕಾಲು ತಣ್ಣಗಾಗಿದೆ, ಕರೆದರೆ ಸರಿಯಾಗಿ ಓಗೊಡುತ್ತಿಲ್ಲ ಎಂದರು. ಹೋಗಿ ಕಂಬಳಿ ತೆಗೆದೆ. ಹಾಸಿಗೆಯ ರೆಕ್ಸಿನ್ ಹೊದಿಕೆಯ ತಗ್ಗಿನಲ್ಲಿ ರಕ್ತ ನಿಂತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟರೆ ಗಟ್ಟಿಯಾಗಿರಬೇಕಾದದ್ದು ಕೈಗೆ ಸಿಗಲೇ ಇಲ್ಲ. ನಾದಿಟ್ಟ ಹಿಟ್ಟಿನ ಹಾಗೆ ಬೆರಳು ಒಳಗೆ ಹೋಯಿತು. ಡಾಕ್ಟರು ಓಡಿ ಬಂದರು. ಎರಡೂ ಕೈಗೆ ಡ್ರಿಪ್, ಇಂಜೆಕ್ಷನ್. ರಕ್ತ ಹಾಕಬೇಕಿತ್ತು, ಅದು ನಮ್ಮಲ್ಲಿರಲಿಲ್ಲ. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ನಾನು ಮೊಣಕಾಲೂರಿ ಕೂತು ಅವಳ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಒತ್ತಿದರೆ ಗಟ್ಟಿಯಾಗುತ್ತಿತ್ತು, ಬಿಟ್ಟರೆ ಮೆತ್ತಗಾಗುತ್ತಿತ್ತು. ಮುಂದೆ ಲಾರಿಗಳ ಸಾಲು ನಿಂತಿತ್ತು. ಡ್ರೈವರು ಸೈರನ್ ಹಾಕಿಕೊಂಡೇ ಇದ್ದರು. ನೀರು ಬೇಕು ಎಂದು ಅವಳು ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳಲಿಲ್ಲ.

ಇವತ್ತಿಗೂ ನಾನು ಮನೆಯಲ್ಲಿ ಚಪಾತಿ ಹಿಟ್ಟು ಕಲಸುವುದಿಲ್ಲ. ಗಂಡ ಕಲಸುತ್ತಾರೆ. ಕಾರಣ ಒಂದು ಸಲ ಹೇಳಿದೆ, ಅವರು ಮತ್ತೆ ಕೇಳಲಿಲ್ಲ.

ಆಮೇಲೆ ಕೇಸ್‌ಶೀಟನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನದೇ ಅಕ್ಷರ. ರಕ್ತ ಹೋಗುತ್ತಿದ್ದರೆ ಏರುವ ನಾಡಿಯನ್ನು ಕಡೆಗಣಿಸಿದ್ದು ನನಗೆ ಕಾಣುತ್ತಿತ್ತು, ಹೊಟ್ಟೆ ಒತ್ತದೆ ಇದ್ದದ್ದೂ ಕಾಣುತ್ತಿತ್ತು. ಆದರೆ ಒಂದೂಕಾಲಿಗೆ ನಾನು ಕಂಬಳಿ ಎತ್ತಿ ನೋಡಿದ್ದು ನಿಜ. ಬಟ್ಟೆ ಒಣಗಿತ್ತು. ಮುಕ್ಕಾಲು ಗಂಟೆಯಲ್ಲಿ ಅಷ್ಟೂ ರಕ್ತ ಎಲ್ಲಿಂದ ಬಂತು? ನೋಡದೆಯೇ ಬರೆದಿದ್ದಾಳೆ ಎಂದು ವಾರ್ಡಿನಲ್ಲಿ ಕೆಲವರು ಮಾತಾಡಿಕೊಂಡರು. ನನಗೆ ನನ್ನ ಮೇಲೇ ನಂಬಿಕೆ ಹೋಗುವಷ್ಟು ದಿನ ಇದೇ ತಲೆಯಲ್ಲಿ ಸುತ್ತಿತು.

ಆಸ್ಪತ್ರೆಯ ಮುಖ್ಯಸ್ಥರು, ನಾವು ಹಿರಿಯ ಡಾಕ್ಟರಮ್ಮ ಅನ್ನುವವರು, ಇನ್ನು ಮುಂದೆ ಪ್ರತಿ ಸಾವನ್ನೂ ಒಬ್ಬರು ಕೂತು ವಿಚಾರಿಸಬೇಕು, ತಪ್ಪು ಹುಡುಕಿ ಶಿಕ್ಷೆ ಕೊಡುವುದಕ್ಕಲ್ಲ, ಕಲಿಯುವುದಕ್ಕೆ ಎಂದು ನಿರ್ಧರಿಸಿದರು. ಯಾರೂ ಮುಂದೆ ಬರಲಿಲ್ಲ. ನಾನು ಹೋಗಿ ಕೇಳಿದೆ. ಇದೊಂದು ಸಾವಿನಲ್ಲಿ ನಾನೂ ಇದ್ದೇನೆ, ಇದನ್ನು ಬೇರೆಯವರು ನೋಡಿದರೆ ಒಳ್ಳೆಯದು ಎಂದೂ ಹೇಳಿದೆ. ಕಾಗದಪತ್ರ ತಾವೇ ನೋಡುವುದಾಗಿ ಹೇಳಿ, ಮನೆಯವರನ್ನು ಮಾತಾಡಿಸಿ ಬಾ ಎಂದು ನನ್ನನ್ನು ಕಳಿಸಿದರು. ಆ ಮನೆಗೆ ಹೋಗದೆ ನೀನು ಇನ್ಯಾವ ಮನೆಗೂ ಹೋಗಲಾರೆ ಎಂದರು.

ಬಸ್ಸಿಳಿದು ಆ ಊರಿನ ಆಶಾ ಕಾರ್ಯಕರ್ತೆಯ ಜೊತೆ ನಡೆದೆ. ತಾಯಿ ಜಗಲಿಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಿಂದ ಹಾಲು ಹನಿಸುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಆಶಾ ಕಾರ್ಯಕರ್ತೆ ಚಾಪೆ ಹಾಸಿದರು. ನನ್ನ ಹತ್ತಿರ ನಾಲ್ಕು ಪುಟದ ಪ್ರಶ್ನೆಗಳಿದ್ದವು. ಮೊದಲನೆಯದನ್ನು ಅರ್ಧ ಓದಿ, ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದೆ. ಆವತ್ತು ಏನೇನು ನಡೆಯಿತು, ನಿಮಗೆ ಕಂಡ ಹಾಗೆ ಹೇಳಿ ಎಂದೆ.

ಮಗುವಿನ ಬಾಯಿ ಒರೆಸಿ ಅವರು ಮಾತು ಶುರುಮಾಡಿದರು. ಮಗಳಿಗೆ ಬಟ್ಟೆ ಬದಲಾಯಿಸುತ್ತಲೇ ಇದ್ದರಂತೆ. ಹಳೆಯ ಪಂಚೆ, ಹಳೆಯ ಸೀರೆ ಹರಿದು ಮನೆಯಿಂದ ತಂದಿದ್ದ ತುಂಡುಗಳು. ತುಂಡು ನೆನೆದ ಕೂಡಲೇ ತೆಗೆದು, ಕವರಿಗೆ ಹಾಕಿ, ಬಚ್ಚಲಲ್ಲಿ ತೊಳೆದು, ಬೇರೆಯದನ್ನು ಇಡುತ್ತಿದ್ದರು. ನಾನು ಒಂದೂಕಾಲಿಗೆ ಬರುವ ಸ್ವಲ್ಪ ಮುಂಚೆಯಷ್ಟೇ ಒಂದನ್ನು ಬದಲಾಯಿಸಿದ್ದರು.

ಎಷ್ಟು ಬಟ್ಟೆ ಎಂದು ಕೇಳಿದೆ.

"ಐದು. ಐದನೇದು ನನ್ನ ಸೀರೇನೇ ಹರ್ದಿದ್ದು. ತಂದಿದ್ದೆಲ್ಲ ಮುಗ್ದೋಗಿತ್ತು."

ಅಷ್ಟು ರಕ್ತ ಹೋಗುತ್ತಿದ್ದರೆ ಸಿಸ್ಟರಿಗೆ ಹೇಳಬಾರದಿತ್ತೇ ಎಂದು ಆಶಾ ಕಾರ್ಯಕರ್ತೆ ಕೇಳಿಬಿಟ್ಟರು. ಬೇಡ ಎಂದು ನಾನು ಕೈ ಮಾಡುವಷ್ಟರಲ್ಲಿ ಮಾತು ಆಚೆ ಬಂದಿತ್ತು.

"ಹೆತ್ಮೇಲೆ ಕೆಟ್ಟ ರಕ್ತ ಎಲ್ಲಾ ಹೋಗ್ಲೇಬೇಕು ಅಂತಾರೆ. ಹೋಗ್ತಾ ಐತೆ ಅಂದ್ಕೊಂಡೆ. ನೀವೆಲ್ಲ ಅವಳ್ನ ಕೇಳಿದ್ರಿ, ಚೆನ್ನಾಗಿದ್ದೀಯಾ ಅಂತ. ಅವಳು ಬಾಯ್ಬಿಟ್ಟು ಹೇಳೋಳಲ್ಲ. ಬಟ್ಟೆ ತೆಗ್ದೋಳು ನಾನು. ನನ್ನ ಯಾರೂ ಕೇಳ್ಲಿಲ್ಲ ಕಣವ್ವ."

ಆಮೇಲೆ ಕೋಪವಿಲ್ಲದೆ, ನನಗೇ ನೆನಪು ಮಾಡಿಕೊಡುವ ಹಾಗೆ ಹೇಳಿದರು.

"ಬೆಳಗ್ಗೇನೇ ನೀನೇ ಅಂದ್ಯಲ್ಲವ್ವ, ಮಂಚದ್ ಕೆಳಗೆ ಏನೂ ಕಾಣಬಾರ್ದು, ಕೊಳೆ ಬಟ್ಟೆ ತಕ್ಷಣ ಸಾಗ್ಸಿ ಅಂತ."

ಅಂದಿದ್ದೆ. ಅದು ಶುಚಿತ್ವ ನೋಡಲು ಮೇಲಿನವರು ಬರುವ ವಾರ. ಬೆಳಗ್ಗೆ ವಾರ್ಡಿನ ನಡುವೆ ನಿಂತು ಎಂಟೂ ಮಂಚಗಳಿಗೆ, ಹೆರಿಗೆಗೆಂದು ಹೊರಗೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದ್ದೆ. ಹಿಂದಿನ ದಿನ ಒಬ್ಬ ಅಜ್ಜಿ ಬಟ್ಟೆ ಕೆಳಗಿಟ್ಟಿದ್ದಕ್ಕೆ ಬೈದೂ ಇದ್ದೆ. ಈ ತಾಯಿ ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದರು. ನಾನು ನೋಡಬೇಕಾದದ್ದನ್ನು ನಾನೇ ತೊಳೆಸಿದ್ದೆ.

ತಪ್ಪಾಯಿತಮ್ಮ ಎಂದೆ. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದರು. ನನ್ನ ಕಡೆ ನೋಡಲಿಲ್ಲ.

"ತಪ್ಪಾಯ್ತು ಅಂತ ನನ್ಮುಂದೆ ಅಂದ್ರೆ ಏನ್ ಬಂತು. ಅಲ್ಲಿ ಹೋಗಿ ಹೇಳು."

ಸಭೆಗೆ ಮುಂಚೆ ಆಡಳಿತ ವಿಭಾಗದವರು ವರದಿಯ ಕರಡು ಸಿದ್ಧಮಾಡಿದ್ದರು. ಕಾರಣದ ಜಾಗದಲ್ಲಿ, ಅತಿಯಾದ ರಕ್ತಸ್ರಾವವನ್ನು ತಿಳಿಸುವಲ್ಲಿ ಕುಟುಂಬದವರ ವಿಳಂಬ, ಅರಿವಿನ ಕೊರತೆ ಎಂದಿತ್ತು. ಓದಿದವರಿಗೆ ನಂಬಿಕೆ ಬರುವ ವಾಕ್ಯ. ಯಾರ ಕೆಲಸಕ್ಕೂ ಕುತ್ತಿಲ್ಲ, ನನ್ನದಕ್ಕೂ ಇಲ್ಲ. ಮುಂದಿನ ವಾರ ಇನ್ನೊಬ್ಬಳು ಆ ಮಂಚಕ್ಕೆ ಬರುತ್ತಾಳೆ, ಅವಳ ತಾಯಿಯೂ ಬಟ್ಟೆ ತೊಳೆಯುತ್ತಾಳೆ.

ಸಭೆಯಲ್ಲಿ ಹನ್ನೊಂದು ಜನರಿದ್ದೆವು. ಆ ವಾಕ್ಯವನ್ನು ಹೊಡೆದುಹಾಕಬೇಕು ಎಂದೆ. ಯಾಕೆ ಎಂದರು. ಬೆಳಗ್ಗೆ ನಾನು ಹೇಳಿದ ಮಾತು, ಐದು ಬಟ್ಟೆ, ನೂರಾ ನಾಲ್ಕು ನಾಡಿ, ಒತ್ತದ ಹೊಟ್ಟೆ, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ನಡುವೆ ಕಣ್ಣೊರೆಸಿಕೊಂಡು ಮುಂದುವರಿಸಿದೆ. ಇದನ್ನೆಲ್ಲ ಬರೆದರೆ ನಾಳೆ ನಿಮಗೇ ತೊಂದರೆ ಎಂದು ಆಡಳಿತದವರು ಮೆಲ್ಲಗೆ ಹೇಳಿದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಬರೀರಿ ಸರ್ ಎಂದೆ. ಹಿರಿಯ ಡಾಕ್ಟರಮ್ಮ ತಮ್ಮ ಪೆನ್ನಿನಿಂದಲೇ ಆ ಸಾಲನ್ನು ಹೊಡೆದರು. ಆಮೇಲೆ ನನ್ನತ್ತ ತಿರುಗಿ, ಅಳುವುದನ್ನು ಆಮೇಲೆ ಅಳು, ಈಗ ನಾಳೆ ಬೆಳಗ್ಗೆಯಿಂದ ಏನು ಮಾಡಬೇಕು ಹೇಳು ಎಂದರು.

ಹೇಳಿದೆ. ಪ್ರತಿ ಮಂಚದ ಕೆಳಗೂ ಮುಚ್ಚಳವಿರುವ ಒಂದು ಬಿಳಿ ಬೇಸಿನ್. ಬಾಣಂತಿಯ ಬಟ್ಟೆ ನರ್ಸ್ ನೋಡುವವರೆಗೆ ಅದರಲ್ಲೇ ಇರಬೇಕು, ಯಾರೂ ತೊಳೆಯಬಾರದು. ಕೇಳಬೇಕಾದದ್ದು ಬಾಣಂತಿಯನ್ನಷ್ಟೇ ಅಲ್ಲ, ಬಟ್ಟೆ ಬದಲಾಯಿಸುವವರನ್ನು, ಎಷ್ಟಾಯಿತು ಎಂದು. ನಾಡಿ ನೂರು ದಾಟಿದರೆ ಹೊಟ್ಟೆ ಒತ್ತಿ ನೋಡದೆ ಮುಂದಿನ ಮಂಚಕ್ಕೆ ಹೋಗುವ ಹಾಗಿಲ್ಲ. ಮಂಚದ ಕೆಳಗೆ ಕೊಳೆ ಬಟ್ಟೆ ಇಟ್ಟರೆ ಶುಚಿತ್ವದ ಅಂಕ ಹೋಗುತ್ತದಲ್ಲ ಎಂದು ಒಬ್ಬರು ಕೇಳಿದರು. ಹೋಗಲಿ ಎಂದರು ಡಾಕ್ಟರಮ್ಮ.

ಅದು ತಾನಾಗಿ ನಡೆಯಲಿಲ್ಲ. ಸ್ವಚ್ಛ ಮಾಡುವ ಹೆಂಗಸರು ಅಭ್ಯಾಸಬಲದಿಂದ ಬೇಸಿನ್ನುಗಳನ್ನು ಖಾಲಿ ಮಾಡುತ್ತಿದ್ದರು. ಬುರ್ಖಾ ತೊಟ್ಟ ಹಿರಿಯರೊಬ್ಬರು, ಇದನ್ನೆಲ್ಲ ಹೊರಗಿನವರಿಗೆ ತೋರಿಸುವುದು ಹೇಗಮ್ಮ ಎಂದು ನನ್ನ ಕೈ ಹಿಡಿದು ದಖನಿ ಉರ್ದುವಿನಲ್ಲಿ ಗೊಣಗಿದರು. ನನಗೊಬ್ಬಳಿಗೆ ತೋರಿಸಿ ಅಮ್ಮಾ ಎಂದು ಪರದೆ ಎಳೆದೆ. ಪ್ರತಿ ಪಾಳಿಗೂ ಮುಂಚೆ ಬಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಸೊಂಟ ಹಿಡಿದುಕೊಂಡಿತು. ಬಿಡಲಿಲ್ಲ.

ಒಂದು ಬುಧವಾರ ಬೆಳಗ್ಗೆ, ಮಕ್ಕಳಿಗೆ ಲಸಿಕೆ ಹಾಕಿಸುವ ಸಾಲಿನಲ್ಲಿ ಆ ತಾಯಿಯನ್ನು ಕಂಡೆ. ಮೊಮ್ಮಗಳು ಕಂಕುಳಲ್ಲಿದ್ದಳು, ಕತ್ತು ನಿಂತಿತ್ತು. ಇಂಜೆಕ್ಷನ್ ಆದ ಮೇಲೆ ಅವರು ನನ್ನ ಹಿಂದೆಯೇ ಬಂದು ವಾರ್ಡಿನ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎನ್ನಲು ನನಗೆ ಧೈರ್ಯವಾಗಲಿಲ್ಲ. ಅವರೇ ಬಂದರು. ಅಳುತ್ತಿದ್ದ ಮಗುವನ್ನು ನನ್ನ ಕೈಗೆ ಕೊಟ್ಟು, ಒಂದನೆಯ ಮಂಚದಿಂದ ಶುರುಮಾಡಿ ಒಂದೊಂದರ ಕೆಳಗೂ ಬಗ್ಗಿ ನೋಡುತ್ತಾ ಹೋದರು. ಮೂರನೆಯದರ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಅಲ್ಲಿ ಮಲಗಿದ್ದವಳಿಗೂ ಅವಳ ಅತ್ತೆಗೂ ಇವರು ಯಾರೆಂದು ಗೊತ್ತಿರಲಿಲ್ಲ. ಮತ್ತೆ ಮುಂದೆ ಹೋದರು. ಆರನೆಯ ಮಂಚದ ಕೆಳಗಿನ ಬೇಸಿನ್ನಿನ ಮುಚ್ಚಳ ತೆಗೆದು ನನ್ನತ್ತ ನೋಡಿದರು.

"ಇದ್ರಲ್ಲಿ ಕಿತ್ತಳೆ ಸಿಪ್ಪೆ ಹಾಕವ್ರೆ ನೋಡು."

ಆ ಮಂಚದವರು ನಗಲು ಹೊರಟು ನನ್ನ ಮುಖ ನೋಡಿ ಸುಮ್ಮನಾದರು. ನಾನು ಮಗುವನ್ನು ಎತ್ತಿಕೊಂಡೇ ಸ್ಟೋರಿಗೆ ಹೋಗಿ, ಹೊಸ ಬೇಸಿನ್ ತಂದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮಂಚದ ಕೆಳಗಿಟ್ಟು, ಆ ಬಾಣಂತಿಯ ತಾಯಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಎಷ್ಟು ಬಟ್ಟೆ ಆಯಿತು ಎಂದು ವಿಚಾರಿಸತೊಡಗಿದರು.